ಗಾಜಿಗೆ ನೀರು ಬರುವವರೆಗೆ

ಯಾದಗಿರಿಯಿಂದ ಕಡೇಚೂರಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ, ಒಂದು ತಗಡಿನ ಶೆಡ್ ಇದೆ. ಬೆಳಗಿನ ಆರು ಗಂಟೆ. ಮೆಕ್ಯಾನಿಕ್ ಬಸವಂತ್ರಾಯ ಬಿಳಿ ಕಾರೊಂದರ ಬಾನೆಟ್ಟಿನ ಹತ್ತಿರ ಕಿವಿಯಿಟ್ಟು ಬಗ್ಗಿದ್ದಾರೆ. ಒಳಗೆ ಕೂತವರು ಶಹಾಪುರದ ಕಚೇರಿಯೊಂದರ ಗುಮಾಸ್ತ ಸುನೀಲಕುಮಾರ. "ಈಗ ಎಳೀರಿ ಸಾಹೇಬರ" ಎನ್ನುತ್ತಾರೆ ಬಸವಂತ್ರಾಯ. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದಾಗ ಒಳಗೆಲ್ಲೋ ಗುಂಯ್ ಎನ್ನುತ್ತದೆ. ಮುಂಗಾಜಿನ ಮೇಲೆ ಮಾತ್ರ ಒಂದು ಹನಿಯೂ ಬೀಳುವುದಿಲ್ಲ.

"ಮೋಟರ್ ಜೀವಂತ ಅದ. ನೀರಿನ ದಾರಿ ಕಟ್ಟ್ಯಾದ."

ಡಬ್ಬಿ ನೋಡುತ್ತಾರೆ, ತುಂಬಿದೆ. ನೀರು ಚಿಮ್ಮುವ ಮೂತಿಯ ಬುಡದಿಂದ ಪೈಪು ಬಿಡಿಸಿ ಮತ್ತೆ ಕಡ್ಡಿ ಎಳೆಸಿದರೆ ನೀರು ಅವರ ಅಂಗಿಗೇ ಹಾರುತ್ತದೆ. ಅಂದರೆ ತೊಂದರೆ ಮೂತಿಯಲ್ಲಿ. ಸಣ್ಣ ಸೂಜಿ ಆಡಿಸಿದಾಗ ಬಿಳಿ ಪುಡಿ ಉದುರುತ್ತದೆ. "ಬೋರಿನ ನೀರು ಹಾಕಬ್ಯಾಡ್ರಿ, ಸವುಳುಪ್ಪು ಕುಂದರ್ತದ." ಅದೇ ಸೂಜಿಯಿಂದ ಮೂತಿಯನ್ನು ಚೂರು ತಿರುಗಿಸಿ, ನೀರು ಚಾಲಕನ ಕಣ್ಣಿನ ನೇರಕ್ಕೆ ಗಾಜಿನ ಮೇಲೆ ಬೀಳುವಂತೆ ಮಾಡುತ್ತಾರೆ.

ಸುನೀಲಕುಮಾರ ಬಂದದ್ದು ಗಾಲಿಗೆ ಗಾಳಿ ತುಂಬಿಸಲು. ಆದರೆ ಯಾವುದಕ್ಕೇ ಬರಲಿ, ಗಾಜಿಗೆ ನೀರು ಬರುತ್ತದೆಯೇ ಎಂದು ನೋಡದೆ ಈ ಶೆಡ್ಡಿನಿಂದ ಗಾಡಿ ಹೊರಡುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಾಡಿ ಬಂದರೆ ಮೂರು ನಾಲ್ಕಕ್ಕೆ ನೀರು ಬರುವುದಿಲ್ಲ. ಇಲಿ ಕಡಿದ ಪೈಪು, ಸುಟ್ಟ ಪಂಪು, ಸೋಪಿನ ಪುಡಿ ಗಟ್ಟಿಯಾದ ಡಬ್ಬಿ. ರಂಗಂಪೇಟೆಯಲ್ಲಿ ಹುಟ್ಟಿ, ಸುರಪುರದಲ್ಲಿ ಎಂಜಿನ್ ಕೆಲಸ ಕಲಿತ ಐವತ್ತೇಳರ ಈ ಮನುಷ್ಯನನ್ನು ಉಳಿದ ಮೆಕ್ಯಾನಿಕ್ಕುಗಳು 'ನೀರಿನ ಮೇಸ್ತ್ರಿ' ಎಂದು ಕರೆದು ನಗುತ್ತಾರೆ. ಗಾಜಿನ ನೀರೆಂದರೆ ಬಸವಂತ್ರಾಯರೂ ಹಿಂದೆ ಹಾಗೆಯೇ ನಕ್ಕವರು.

ಎಂಟು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ. ಕಡೇಚೂರಿನ ಕಾರ್ಖಾನೆಗೆ ಕೂಲಿ ಹೆಂಗಸರನ್ನು ಕರೆದೊಯ್ಯುತ್ತಿದ್ದ ಚಾಲಕ ಶಾಂತಕುಮಾರ ಬ್ರೇಕ್ ತೋರಿಸಲು ಬಂದಿದ್ದ. ಬ್ರೇಕ್ ಕೆಲಸ ಮುಗಿದ ಮೇಲೆ, "ಕಾಕಾ, ಗಾಜಿಗಿ ನೀರು ಬರವಲ್ದು. ಅದನ್ನೂ ನೋಡ್ತೀರೇನು?" ಎಂದ. "ನೀರಿನ ಮ್ಯಾಲ ಗಾಡಿ ಓಡ್ತದೇನು? ನಾಳಿ ಬಾ" ಎಂದು ಇವರು ಶೆಡ್ಡಿಗೆ ಬೀಗ ಹಾಕಿದರು.

"ನನಗ ಹಸಿವಾಗಿತ್ರಿ" ಎನ್ನುತ್ತಾರೆ ಬಸವಂತ್ರಾಯ, ನೆಲ ನೋಡುತ್ತ. "ಬ್ಯಾರೆ ಕಾರಣ ಏನೂ ಇರಲಿಲ್ಲ."

ಮರುದಿನ ಬೆಳಿಗ್ಗೆ ಎದುರಿನ ಲಾರಿಯೊಂದು ಎರೆಮಣ್ಣಿನ ಕೆಸರನ್ನು ಇಡೀ ಗಾಜಿಗೆ ಎರಚಿತು. ಒಣ ವೈಪರ್ ಅದನ್ನು ಸಾರಿಸಿದ್ದೇ ಬಂತು, ದಾರಿ ಪೂರ್ತಿ ಮುಚ್ಚಿತು. ಶಾಂತಕುಮಾರ ಮೂರು ಸಲ ಕಡ್ಡಿ ಎಳೆದನೆಂದು ಪಕ್ಕದಲ್ಲಿ ಕೂತಿದ್ದ ಕೂಲಿ ಹೆಂಗಸು ರುಕ್ಸಾನಾ ಆಮೇಲೆ ಹೇಳಿದಳು. ಅವನು ಕಿಟಕಿಯಿಂದ ತಲೆ ಹೊರಹಾಕಿ ನೋಡುವಷ್ಟರಲ್ಲಿ ಗಾಡಿ ನಿಂತ ಟ್ರ್ಯಾಕ್ಟರಿನ ಟ್ರಾಲಿಗೆ ಬಡಿದಿತ್ತು. ಹೆಂಗಸರು ಸಣ್ಣಪುಟ್ಟ ಗಾಯದಲ್ಲಿ ಪಾರಾದರು. ಮೂವತ್ತೊಂದರ ಶಾಂತಕುಮಾರ ಉಳಿಯಲಿಲ್ಲ.

ನಾಲ್ಕನೆಯ ದಿನ ಬಸವಂತ್ರಾಯ ಆ ಜಜ್ಜಿದ ಗಾಡಿಯನ್ನು ಹುಡುಕಿಕೊಂಡು ಹೋಗಿ ಬಾನೆಟ್ ಎತ್ತಿದರು. ಪೈಪು ಪಂಪಿನ ಬಾಯಿಂದ ಕಳಚಿಕೊಂಡಿತ್ತು, ಅಷ್ಟೇ. ಅಲ್ಲಿ ಧೂಳು ಕೂತಿತ್ತು, ಕಳಚಿ ಬಹಳ ದಿನವಾಗಿತ್ತು. "ಬೆರಳಿಂದ ಒತ್ತಿದ್ರ ಕುಂದರ್ತಿತ್ತು. ಎರಡು ನಿಮಿಷದ ಕೆಲಸರಿ."

ಯಾರೂ ಅವರನ್ನು ಕೇಳಿರಲಿಲ್ಲ. ತಾವೇ ಶಾಂತಕುಮಾರನ ಹೆಂಡತಿ ಲಕ್ಷ್ಮಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಆಕೆ ಕೊನೆಯವರೆಗೆ ಕೇಳಿಸಿಕೊಂಡು, ಒಳಗೆ ಹೋಗಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡಳು. "ಬೈದಿದ್ರ ಛಲೋ ಇತ್ತು" ಎನ್ನುತ್ತಾರೆ.

ಲಕ್ಷ್ಮಿ ಈಗ ಅದೇ ಕಾರ್ಖಾನೆಗೆ ಹೋಗುತ್ತಾಳೆ. ದಿನಾ ಆರೂವರೆಗೆ ಕಾಂತೇಶನೆಂಬ ಚಾಲಕನ ಗಾಡಿ ಶೆಡ್ಡಿನ ಮುಂದೆ ನಿಂತು ಹೆಂಗಸರನ್ನು ಹತ್ತಿಸಿಕೊಳ್ಳುತ್ತದೆ. ಆಕೆ ಹಿಂದಿನ ಸೀಟಿನಲ್ಲಿ ಆಚೆ ಮುಖ ಮಾಡಿ ಕೂರುತ್ತಾಳೆ. ಎಂಟು ವರ್ಷದಲ್ಲಿ ಬಸವಂತ್ರಾಯರೊಂದಿಗೆ ಒಂದು ಮಾತೂ ಆಡಿಲ್ಲ.

ಹೋದ ತಿಂಗಳು ಕಾಂತೇಶ ರೇಡಿಯೇಟರಿಗೆ ನೀರು ಹಾಕಲು ಇಳಿದಾಗ, ಬಸವಂತ್ರಾಯ ರೂಢಿಯಂತೆ ಕಡ್ಡಿ ಎಳೆದು ನೋಡಿದರು. ಮೋಟರಿನ ಸದ್ದೇ ಇಲ್ಲ. "ಪಾಳಿ ತಪ್ತದ ಕಾಕಾ, ಸಂಜಿಕಿ ನೋಡೂಣು" ಎಂದ ಕಾಂತೇಶ. ಹೆಂಗಸರೂ ನಡಿ ನಡಿ ಎಂದರು. ಆಗ ಹಿಂದಿನಿಂದ ಲಕ್ಷ್ಮಿಯ ದನಿ ಬಂತು.

"ನೀರು ಬರೂಮಟ ಗಾಡಿ ಹೊಂಡೂದು ಬ್ಯಾಡ."

ಕಾಂತೇಶ ಪಕ್ಕಕ್ಕೆ ಸರಿದ. ಬಸವಂತ್ರಾಯ ಬಾನೆಟ್ಟಿಗೆ ಬಗ್ಗಿದರು. ಫ್ಯೂಸ್ ಸರಿಯಿತ್ತು. ಪಂಪಿಗೆ ಹೋಗುವ ತಂತಿಯ ತುದಿ ಹಸಿರುಗಟ್ಟಿತ್ತು. ಬ್ಲೇಡಿನಿಂದ ಕೆರೆದು ಕೂರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಗಾಜಿಗೆ ನೀರು ಬಿದ್ದಾಗ ಲಕ್ಷ್ಮಿ ಇಳಿದು ಬಂದು ಗಾಡಿಯ ಮುಂದೆ ನಿಂತಿದ್ದಳು. ವೈಪರ್ ಎರಡು ಸಲ ಆಡುವುದನ್ನು ನೋಡಿದಳು. ಬಸವಂತ್ರಾಯ "ತಂಗೀ" ಎಂದರು. ಆಕೆ ಹತ್ತಿ ಕೂತಳು. ಗಾಡಿ ಹೊರಟಿತು.

ಆಕೆ ಕ್ಷಮಿಸಿದಳೆಂದು ಅನ್ನಿಸಿತೇ ಎಂದು ಕೇಳಿದರೆ ಬಸವಂತ್ರಾಯ ಇಲ್ಲವೆಂದು ತಲೆಯಾಡಿಸುತ್ತಾರೆ. "ಮಾಫಿ ಕೇಳೂ ಮಾರಿ ನನಗಿಲ್ರಿ." ಕೈಯೊರೆಸಿಕೊಳ್ಳುತ್ತ ಹೇಳುತ್ತಾರೆ: "ಹೋದ ತಿಂಗಳ ಎಲ್ಲಾರೂ ಇಪ್ಪತ್ತು ನಿಮಿಷ ಕಾಯ್ದ್ರು. ಆ ಸಂಜಿ ಶಾಂತಕುಮಾರನೂ ಎರಡು ನಿಮಿಷ ಕಾಯ್ತಿದ್ನರಿ, ನಾ ನಿಂದ್ರು ಅಂದಿದ್ರ."