ಲಗಮಪ್ಪ ಬರೆದಿಟ್ಟ ಸಾಲುಗಳು

ಲಗಮಪ್ಪನ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನನ್ನೇ ನಾಲ್ಕು ಮಾತು ಬೈದುಕೊಳ್ಳಬೇಕು. ಮೂಡಲಗಿಯ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಮಾಸ್ತರ. ಅವನು ಆ ಕೋಣೆಯ ಹಂಗಾಮಿ ಜವಾನ, ನಾಗನೂರಿನಿಂದ ಸೈಕಲ್ ತುಳಿದು ಬರುತ್ತಿದ್ದ. ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ದೊಡ್ಡ ಯಂತ್ರ ಚಾಲೂ ಮಾಡಿದಾಗ ಪರದೆಯ ಮೇಲೆ ಓಡುವ ಸಾಲುಗಳಲ್ಲಿ ಸಿಕ್ಕಷ್ಟನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದ.

"ಇದೆಂಥಾ ಹುಚ್ಚೋ ನಿಂದು?" ಎಂದು ನಾನು ನಗುತ್ತಿದ್ದೆ.

"ಎಮ್ಮಿ ದಿನಾ ಹೆಂಗ ಇರತೈತಿ ಅಂತ ಗೊತ್ತಿದ್ರ, ಬ್ಯಾನಿ ಬಂದಾಗ ತಿಳೀತೈತ್ರಿ ಸರ."

೨೦೦೩ರ ದಸರಾ ರಜೆ ಮುಗಿಸಿ ಬಂದರೆ ಯಂತ್ರ ಏಳುವಾಗಲೇ ಒಂದು ಎಚ್ಚರಿಕೆ ತೋರಿಸಿ ನಿಂತುಬಿಟ್ಟಿತು: ಕರ್ನಲ್‌ಗೆ ಮೆಮರಿ ಹಂಚಲಾಗುತ್ತಿಲ್ಲ. ಕರ್ನಲ್ ಎಂದರೆ ಯಂತ್ರ ಎದ್ದ ಕೂಡಲೇ ಉಳಿದೆಲ್ಲ ಕೆಲಸಗಳಿಗೆ ಮೆಮರಿಯಲ್ಲಿ ಜಾಗ ಕೊಡುವ ಯಜಮಾನ. ಆ ಯಜಮಾನನೇ ಕೈ ಎತ್ತಿದ್ದ. ಕೋಣೆಯ ಹತ್ತು ಪರದೆಗಳೂ ಇದೊಂದು ಯಂತ್ರದ ಮೇಲೆಯೇ ನಡೆಯುತ್ತಿದ್ದವು, ಹೀಗಾಗಿ ಪಾಠ ನಿಂತಿತು. ಎರಡು ದಿನ ಏನೇನೋ ತಿದ್ದಿದೆ, ತಲೆ ಕೆಟ್ಟಿತೇ ಹೊರತು ಯಂತ್ರ ಏಳಲಿಲ್ಲ.

ಮೂರನೆಯ ದಿನ ಸಂಸ್ಥೆಯ ಚೇರಮನ್ ಆಬಾಸಾಹೇಬರು ಬಂದರು. "ಯಾರ ಕೈ ಹಚ್ಯಾರ್ರಿ ಇದಕ್ಕ?"

"ದಿನಾ ಚಾಲೂ ಮಾಡೋದು, ಒರಸೋದು ಲಗಮಪ್ಪರಿ," ಎಂದೆ. ಆ ನಾಲಿಗೆಗೆ ಬೆಂಕಿ ಬೀಳಬೇಕಿತ್ತು.

"ಹಂಗಾದ್ರ ನಾಳಿಂದ ಅವ್ಗ ಬರೂದು ಬ್ಯಾಡ ಅನ್ರಿ," ಎಂದು ಹೇಳಿ ಅವರು ಆಫೀಸಿಗೆ ಹೋದರು.

ಆರು ವರ್ಷದ ನೌಕರಿ ಒಂದು ಮಾತಿಗೆ ಹೋಯಿತು. ಬಾಗಿಲಲ್ಲೇ ನಿಂತಿದ್ದ ಲಗಮಪ್ಪ ಎಲ್ಲ ಕೇಳಿದ್ದ. "ಸರ, ಹೋಗೂಕಿಂತ ಮೊದಲ ಒಮ್ಮಿ ನೋಡ್ಲ್ಯಾ?" ಎಂದ. ಯಂತ್ರ ಚಾಲೂ ಮಾಡಿ, ವಹಿ ಬಿಚ್ಚಿ, ಸಾಲಿಗೆ ಸಾಲು ಹಿಡಿದು ನೋಡುತ್ತ ಹೋದ. ಒಂದು ಕಡೆ ಬೆರಳು ನಿಂತಿತು.

"ಇಲ್ಲೆ ದಿನಾ ೨೫೬ ಬರತಿತ್ತು. ಇವತ್ತ ೧೨೮ ಐತಿ. ಅರ್ಧಾ ಎಲ್ಲಿ ಹೋತ್ರಿ ಸರ?"

ಅದು ಮೆಮರಿಯ ಲೆಕ್ಕ. ಡಿಗ್ರಿ ಮಾಡಿದ ನಾನು ಎರಡು ದಿನದಲ್ಲಿ ಒಮ್ಮೆಯೂ ಆ ಸಾಲು ಓದಿರಲಿಲ್ಲ!

ಕರೆಂಟು ತೆಗೆದು ಡಬ್ಬಿ ಬಿಚ್ಚಿದೆವು. ಒಳಗೆ ಮೆಮರಿಯ ಎರಡು ಪಟ್ಟಿಗಳಿದ್ದವು, ಒಂದೊಂದೂ ೧೨೮ರದು. ಎರಡನೆಯದನ್ನು ಕಿತ್ತರೆ, ಅದರ ಹಲ್ಲುಗಳ ಸಾಲಿನಲ್ಲಿ ಹಳದಿ ಪುಡಿ. ಲಗಮಪ್ಪ ಮೂಸಿ ನೋಡಿದ. ಭಂಡಾರ, ಪೂಜೆಯ ಅರಿಶಿನ ಪುಡಿ. ರಜೆಯ ನಡುವೆ ಖಂಡೇನವಮಿಯ ದಿನ, ಆಯುಧಪೂಜೆಯಲ್ಲಿ, ಯಂತ್ರದ ಹೊರಮೈಗೆ ಹಚ್ಚಿದ್ದು ನನಗೆ ಸಾಲಿರಲಿಲ್ಲ. ಯಂತ್ರದ ನೆನಪೆಲ್ಲ ಈ ಪಟ್ಟಿಯಲ್ಲೇ ಇರುವಾಗ ಪೂಜೆ ಇದಕ್ಕೇ ಸಲ್ಲಬೇಕು ಎಂದು ನಾನೇ ಕಿತ್ತು, ಭಂಡಾರ ಬಳಿದು, ಮತ್ತೆ ಸಿಕ್ಕಿಸಿದ್ದೆ. ಅವತ್ತು ಪೂಜೆಯ ತಾಟು ಹಿಡಿದು ನಿಂತವನು ಲಗಮಪ್ಪ. ಈಗ ಒಮ್ಮೆ ನನ್ನ ಮುಖ ನೋಡಿದ. ಪೆನ್ಸಿಲ್ ಒರೆಸುವ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಗೂಡನ್ನು ಒಣ ಬ್ರಷ್ಷಿನಿಂದ ಝಾಡಿಸಿ, ಪಟ್ಟಿ ಕೂರಿಸಿದ. ೨೫೬ ಬಂತು. ಎಚ್ಚರಿಕೆ ಬರಲಿಲ್ಲ, ಹತ್ತೂ ಪರದೆ ಹೊತ್ತಿಕೊಂಡವು.

ಸುದ್ದಿ ಕೇಳಿ ಆಬಾಸಾಹೇಬರು ತಿರುಗಿ ಬಂದರು. "ಏನಾಗಿತ್ತು?"

"ಧೂಳ ಕುಂತಿತ್ರಿ ಸಾಹೇಬ್ರ," ಎಂದ ಲಗಮಪ್ಪ.

"ಧೂಳ ಒರಸೂದು ನಿನ್ನ ಕೆಲಸ ಅಲ್ಲೇನ?"

"ಹೌದ್ರಿ. ನಂದ ತಪ್ಪ."

ನನಗೆ ತಡೆದುಕೊಳ್ಳಲಾಗಲಿಲ್ಲ. "ಧೂಳಲ್ರಿ ಅದು, ಭಂಡಾರ. ಹಚ್ಚಿದಾಂವ ನಾನು. ಕಳಸೂದಿದ್ರ ನನ್ನ ಕಳಸ್ರಿ," ಎಂದುಬಿಟ್ಟೆ. ಆಬಾಸಾಹೇಬರು ಇಬ್ಬರನ್ನೂ ನೋಡಿದರು. "ಲಗಮಪ್ಪಾ, ನಾಳಿ ಹೊತ್ತಿಗೆ ಸರಿಯಾಗಿ ಬಾ," ಎಂದು ಹೊರಟುಹೋದರು.

"ಖರೇ ಗೊತ್ತಿದ್ದೂ ಯಾಕ ಹಂಗ ಹೇಳಿದ್ಯೋ?" ಎಂದು ಆಮೇಲೆ ಕೇಳಿದೆ.

"ನನ್ನ ನೌಕರಿ ಹೋದ್ರ ನಾ ಹೊಲಕ್ಕ ಹೋಗ್ತಿದ್ನಿ. ನಿಮ್ಮ ಮ್ಯಾಲಿನ ನಂಬಿಗಿ ಹೋದ್ರ, ಈ ಹುಡುಗ್ರು ನಾಳಿ ಯಾರ್ನ ಕೇಳಬೇಕ್ರಿ ಸರ?"