ತಾಮ್ರದ ಜಡೆ

ಎದುರಿಗೆ ಕುಳಿತವರ ಕೋಟಿನ ತೋಳಿನಿಂದ ಒಂದು ನೂಲಿನ ಎಳೆ ಹೊರಗೆ ಇಣುಕುತ್ತಿದ್ದರೆ ಅವರ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಕಣ್ಣು ಆ ಎಳೆಯಲ್ಲೇ ನೆಟ್ಟು, ಬೆರಳು ತಾನಾಗಿಯೇ ಅತ್ತ ಹರಿದು, ಅದನ್ನು ಕಿತ್ತು ಬಿಸಾಡಿದ ಮೇಲೆಯೇ ಮನಸ್ಸಿಗೆ ಸಮಾಧಾನ. ಹೀಗೆ ಕಿತ್ತ ಎಳೆಯೊಂದರ ಜೊತೆಗೆ ಒಮ್ಮೆ ತಾಲೂಕಿನ ಅಧಿಕಾರಿಯೊಬ್ಬರ ಕೋಟಿನ ಗುಂಡಿಯೂ ಕೈಗೆ ಬಂದುಬಿಟ್ಟು, ಅವರು ಆ ವರ್ಷ ನಮ್ಮ ಅಕ್ಕಿ ಗಿರಣಿಯ ತಪಾಸಣೆಯನ್ನು ಅಗತ್ಯಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ನಡೆಸಿದರು. ಅಚ್ಚುಕಟ್ಟುತನವನ್ನು ಲೋಕ ಸದ್ಗುಣಗಳ ಪಟ್ಟಿಯಲ್ಲಿ ಸೇರಿಸಿದೆಯಾದರೂ ನನ್ನ ಮಟ್ಟಿಗೆ ಅದು ಔಷಧವಿಲ್ಲದ ವ್ಯಾಧಿ. ನನ್ನ ಹೆಂಡತಿಯ ಅಭಿಪ್ರಾಯದಲ್ಲಿ ಅದಕ್ಕೆ ಔಷಧವಿದೆ, ಆದರೆ ಅದನ್ನು ಕುಡಿಸುವಷ್ಟು ಧೈರ್ಯವುಳ್ಳ ವೈದ್ಯರು ಹೊಸಪೇಟೆಯಲ್ಲಿಲ್ಲ.

ಈ ವ್ಯಾಧಿ ನನ್ನ ಮೋಟಾರಿಗೆ ತಗುಲಿದ ಕಥೆಯನ್ನು ಹೇಳಬೇಕು. ನಮ್ಮೂರಿನಲ್ಲಿ ಸ್ವಂತ ಮೋಟಾರು ಉಳ್ಳವರನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದಾಗಿದ್ದ ಕಾಲ ಅದು. ನನ್ನ ಬೆರಳು ಕಿರುಬೆರಳಾಗಿದ್ದರೂ ಎಣಿಕೆಯಲ್ಲಿ ಸೇರಿತ್ತೆಂಬ ಜಂಭವಿತ್ತು. ಸಂಡೂರಿನ ಘಟ್ಟ ಹತ್ತುವಾಗ ಒಂದು ದಿನ ಆ ಮೋಟಾರಿನ ಎಂಜಿನ್ನು ಭಯಂಕರವಾಗಿ ಶಬ್ದ ಮಾಡಿ ಸೀಳಿಹೋಯಿತು. ಅದೇ ಸಂಡೂರಿನಲ್ಲಿ ಮ್ಯಾಂಗನೀಸು ಹೊರುತ್ತಿದ್ದ ಲಾರಿಯೊಂದು ಹಳ್ಳಕ್ಕೆ ಉರುಳಿ ಮೈಯೆಲ್ಲ ನುಜ್ಜುಗುಜ್ಜಾಗಿದ್ದರೂ ಅದರ ಎಂಜಿನ್ನು ಗಟ್ಟಿಮುಟ್ಟಾಗಿ ಉಳಿದಿತ್ತು. ಆ ಎಂಜಿನ್ನನ್ನು ಈ ಮೋಟಾರಿಗೆ ಕೂರಿಸುತ್ತೇನೆಂದು ಮುಂದೆ ಬಂದವನು ಮೌಲಾಸಾಬ. ಸ್ಟೇಷನ್ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮೋಟಾರು ರಿಪೇರಿ ಮಾಡುತ್ತಿದ್ದ ಅವನು ಮಿತಭಾಷಿ. ಎಂಜಿನ್ನಿನ ಶಬ್ದಕ್ಕೆ ಕಿವಿಗೊಟ್ಟು ನಿಂತನೆಂದರೆ ಎದುರಿಗೆ ಯಾರಿದ್ದಾರೆಂಬುದನ್ನೇ ಮರೆಯುತ್ತಿದ್ದ.

ಲಾರಿಯ ಎಂಜಿನ್ನಿಗೂ ಕಾರಿನ ಚೌಕಟ್ಟಿಗೂ ಬೋಲ್ಟಿನ ತೂತುಗಳು ಎಲ್ಲಿಯೂ ಹೊಂದುತ್ತಿರಲಿಲ್ಲ. ಮೌಲಾಸಾಬ ಗಟ್ಟಿ ಮರದ ಎರಡು ತೊಲೆಗಳನ್ನು ಕೆತ್ತಿ, ನಡುಕ ತಡೆಯಲು ದಪ್ಪ ಚರ್ಮದ ಮೆತ್ತೆಗಳನ್ನಿಟ್ಟು, ಎಂಜಿನ್ನನ್ನು ಅದರ ಮೇಲೆ ಕೂರಿಸಿದ. ಕೊನೆಗೆ ತಾಮ್ರದ ತಂತಿಗಳನ್ನು ತಾನೇ ಹೆಣೆದು ಮೊಳದುದ್ದದ ಒಂದು ಜಡೆ ಮಾಡಿ, ಅದರ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಚೌಕಟ್ಟಿಗೂ ಬಿಗಿದ. ಅದು ಏಕೆಂಬುದನ್ನು ನನಗೆ ಬಿಡಿಸಿ ವಿವರಿಸಿಯೂ ಇದ್ದ. ಆದರೆ ಅವನ ಅಂಗಿಯ ತೋಳಿನಿಂದ ಒಂದು ಎಳೆ ಜೋತುಬಿದ್ದಿತ್ತು, ಓದುಗ ಮಹಾಶಯರೇ. ನಾನು ಅದನ್ನೇ ನೋಡುತ್ತಾ ತಲೆಯಾಡಿಸಿದೆ.

ಮೋಟಾರು ಹೂವೆತ್ತಿದಂತೆ ಹೊರಟಿತು. ಒಂದು ತಿಂಗಳು ಯಾವ ತಕರಾರೂ ಇಲ್ಲದೆ ಓಡಿತು. ಅಷ್ಟರಲ್ಲಿ ಮಹಾನವಮಿ ಬಂತು, ಆಯುಧಪೂಜೆಯೂ ಬಂತು.

ಹಂಪಿಯ ನೆರೆಯಲ್ಲಿ ಹುಟ್ಟಿದವರಿಗೆ ‘ಭಿನ್ನ’ವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂಗು ಮುರಿದ, ಕೈ ಹೋದ ಎಷ್ಟೋ ಸುಂದರ ವಿಗ್ರಹಗಳು ಅಲ್ಲಿ ಬಿಸಿಲಲ್ಲಿ ನಿಂತಿವೆ. ನೋಡುವವರುಂಟು, ಒಂದು ಹೂವಿಡುವವರಿಲ್ಲ. ಈ ನಿಯಮವನ್ನು ನಮ್ಮ ತಂದೆಯವರು ಆಯುಧಪೂಜೆಗೂ ವಿಸ್ತರಿಸಿದ್ದರು. ಪೂಜೆಗಿಡುವ ತಕ್ಕಡಿಯ ಹಗ್ಗ ಎಳೆ ಬಿಟ್ಟಿರಕೂಡದು, ಮೊರದ ಅಂಚು ಹರಿದಿರಕೂಡದು, ಗಿರಣಿಯ ಪಟ್ಟಿ ಜೂಲಾಗಿರಕೂಡದು. ಇಂಥ ಮನೆತನದ ಸಂಸ್ಕಾರಕ್ಕೆ ನನ್ನ ಸ್ವಂತ ವ್ಯಾಧಿಯೂ ಕೂಡಿಕೊಂಡರೆ ಆಗುವುದನ್ನು ನೀವು ಆಗಲೇ ಊಹಿಸಿರುತ್ತೀರಿ. ಪೂಜೆಯ ಹಿಂದಿನ ದಿನ ಮೋಟಾರನ್ನು ಒರೆಸಲು ನಾನೇ ಕೆಳಗೆ ನುಸುಳಿದೆ. ಗ್ರೀಸು ಮೆತ್ತಿಕೊಂಡು, ತುದಿಯಲ್ಲಿ ಎಳೆಗಳು ಕೆದರಿಕೊಂಡು, ಆ ತಾಮ್ರದ ಜಡೆ ಜೋತಾಡುತ್ತಿತ್ತು. ಎಂಜಿನ್ನನ್ನು ಎತ್ತಿ ಕೂರಿಸುವಾಗ ಕಟ್ಟಿದ್ದ ಹಗ್ಗದಂಥದ್ದೇನೋ ಮರೆತು ಉಳಿದಿದೆಯೆಂದು ಭಾವಿಸಿ, ಎರಡೂ ಬೋಲ್ಟು ಸಡಿಲಿಸಿ ಅದನ್ನು ಬಿಚ್ಚಿ, ಬೋಲ್ಟುಗಳನ್ನು ಮತ್ತೆ ನೀಟಾಗಿ ಬಿಗಿದು, ಜಡೆಯನ್ನು ಹೆಂಡತಿಯ ಕೈಗಿತ್ತೆ. ಅವಳು ಅದನ್ನು ಬಚ್ಚಲಿಗೆ ಒಯ್ದಳು. ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಲು ಅದರಂಥ ವಸ್ತು ಇನ್ನೊಂದಿಲ್ಲವೆಂದು ಮೆಚ್ಚಿಕೊಂಡಳು. ವಿಭೂತಿ ಹಚ್ಚಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು ನಮ್ಮ ಮೋಟಾರು ಯಾವ ಭಿನ್ನವೂ ಇಲ್ಲದೆ ಕಂಗೊಳಿಸಿತು.

ಮರುದಿನ ವಕೀಲರಾದ ನನ್ನ ಮಿತ್ರರನ್ನೂ ಇನ್ನಿಬ್ಬರನ್ನೂ ಕೂರಿಸಿಕೊಂಡು ಹಂಪಿಗೆ ಹೊರಟೆ. ಸೆಲ್ಫ್ ಸ್ಟಾರ್ಟರು ಒತ್ತಿದರೆ ಎಂಜಿನ್ನು ನರಳಿತೇ ಹೊರತು ತಿರುಗಲಿಲ್ಲ. ಹ್ಯಾಂಡಲು ಹಾಕಿ ತಿರುವಿದ ಮೇಲೆ ಕೆಮ್ಮುತ್ತಾ ಹೊರಟಿತು. ಹೋಗುವಾಗ ಹೇಗೋ ಹೋದೆವು. ಬರುವಾಗ ಸಂಜೆಯಾಗುತ್ತಿದ್ದಂತೆ ದೀಪಗಳು ಕಂದಿದವು, ಹಾರ್ನು ಗಂಟಲು ಕಟ್ಟಿಕೊಂಡಿತು, ಕಮಲಾಪುರದ ಬಾಳೆತೋಟದ ಪಕ್ಕದಲ್ಲಿ ಎಂಜಿನ್ನು ನಿಂತೇ ಹೋಯಿತು. ಮತ್ತೆ ಸೆಲ್ಫ್ ಒತ್ತಿ, ಮುಂದಿನ ಹಲಗೆಯಿಂದ ಎಂಜಿನ್ನಿಗೆ ಹೋಗುವ ಚೋಕಿನ ತಂತಿಯನ್ನು ಹಿಡಿದೆಳೆದರೆ ಅದು ಕಾದು ನನ್ನ ಬೆರಳು ಸುಟ್ಟಿತು. ಒಂದು ಜೋಡಿ ಎತ್ತು ಕಟ್ಟಿಸಿ, ಮೋಟಾರನ್ನು ಎಳೆಸಿಕೊಂಡು ಊರು ಸೇರಿದೆವು. ಹೊಸಪೇಟೆಯ ಬೀದಿಯಲ್ಲಿ ಅಂದು ಮನೆಯೊಳಗೆ ಉಳಿದವರು ಯಾರೂ ಇರಲಿಲ್ಲವೆಂದೇ ನನ್ನ ನೆನಪು.

ಅವಮಾನಿತನಾದ ಮನುಷ್ಯನಿಗೆ ಬೆಳಗಾಗುವಷ್ಟರಲ್ಲಿ ಒಬ್ಬ ಅಪರಾಧಿ ಬೇಕು. ಮೌಲಾಸಾಬನನ್ನು ಕರೆಸಿದೆ. ನಮ್ಮ ಕಟ್ಟೆಯ ಮೇಲೆ ವಕೀಲರೂ ನಾಲ್ಕಾರು ವರ್ತಕರೂ ಕುಳಿತಿದ್ದರು. ಅವನು ಬ್ಯಾಟರಿ ನೋಡಿದ, ಬ್ಯಾಟರಿಗೆ ಕರೆಂಟು ತುಂಬುವ ಡೈನಮೋದ ತಂತಿ ನೋಡಿದ, ಸುಟ್ಟ ಚೋಕಿನ ತಂತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ಧಣೇರ, ಪೂಜಿ ಮಾಡುವಾಗ ಯಾರರ ಏನರ ಬಿಚ್ಯಾರೇನ್ರಿ?”

“ನಿನ್ನ ಕೆಲಸಕ್ಕ ನಮ್ಮ ಮನಿಯಾಗ ಯಾರೂ ಕೈ ಹಚ್ಚಿಲ್ಲ,” ಎಂದೆ. “ಸಂಡೂರಿನ ಎಂಜಿನ್ ಜೋಡಿ ಬಂದಿದ್ದ ಚಲೋ ಡೈನಮೋ ಎಲ್ಲಿಟ್ಟೀದಿ, ಅದನ್ನ ಹೇಳು.”

ಸುಳ್ಳು ಹೇಳಿದೆನೇ? ಆ ಕ್ಷಣಕ್ಕೆ ಇಲ್ಲ. ನಾನು ಬಿಚ್ಚಿದ್ದು ಕೊಳೆಯನ್ನೇ ಹೊರತು ಮೋಟಾರಿನ ಭಾಗವನ್ನಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಆದರೆ ಡೈನಮೋ ಬದಲಾಯಿಸಿದ್ದಾನೆಂದು ನಂಬಲು ನನ್ನ ಬಳಿ ಸಿಟ್ಟಿನ ವಿನಾ ಬೇರೆ ಆಧಾರವಿರಲಿಲ್ಲ. ಮೌಲಾಸಾಬನ ಮುಖ ಕಪ್ಪಿಟ್ಟಿತು. “ಗಾಡಿ ಒಂದ್ಸಲ ಶೆಡ್ಡಿಗೆ ಬರ್ಲಿ, ಕೆಳಗ ಇಳಿದು ನೋಡ್ತೀನ್ರಿ,” ಎಂದ. ವಕೀಲರು, “ಇನ್ನ ಏನು ಬಿಚ್ಕೊಳ್ಳೋದು ಉಳದೈತೋ?” ಎಂದರು. ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೌಲಾಸಾಬ ಬೋಲ್ಟು ಬಿಚ್ಚುವ ಪಾನಾಗಳನ್ನು ಚೀಲಕ್ಕೆ ಹಾಕಿಕೊಂಡು, ನನಗೆ ಸಲಾಮು ಮಾಡದೆ ಹೊರಟುಹೋದ.

ಮಾತು ಊರಿನಲ್ಲಿ ಹರಡಲು ಎಣ್ಣೆಯೂ ಬೇಡ, ಎಂಜಿನ್ನೂ ಬೇಡ. ದೀಪಾವಳಿಯ ಹೊತ್ತಿಗೆ ಅವನ ಶೆಡ್ಡಿನ ಮುಂದೆ ಒಂದೂ ಗಾಡಿ ನಿಲ್ಲದಂತಾಯಿತು. ಸಂಕ್ರಾಂತಿಯ ಹೊತ್ತಿಗೆ ಶೆಡ್ಡೇ ಇರಲಿಲ್ಲ. ಹೆಂಡತಿಯ ತವರಾದ ಕಂಪ್ಲಿಗೆ ಹೋದನೆಂದು ಯಾರೋ ಹೇಳಿದರು. ಕಳ್ಳನಾಗಿರದಿದ್ದರೆ ಊರೇಕೆ ಬಿಡುತ್ತಿದ್ದನೆಂದು ಕಟ್ಟೆಯ ಮೇಲೆ ತೀರ್ಮಾನವಾಯಿತು, ಮತ್ತು ಆ ತೀರ್ಮಾನದಲ್ಲಿ ನನ್ನ ಕತ್ತೂ ಎಲ್ಲರ ಜೊತೆಗೆ ಅಲುಗಿತು.

ಸಂಡೂರಿನ ಗಣಿಯ ದೊರೆಯೊಬ್ಬರ ಡ್ರೈವರು ಬೇಸಗೆಯಲ್ಲಿ ಗಿರಣಿಗೆ ಬಂದಾಗ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮೋಟಾರನ್ನು ಕುತೂಹಲಕ್ಕೆಂದು ಬಗ್ಗಿ ನೋಡಿದ. ಮರ, ಚರ್ಮಗಳ ಮೇಲೆ ಕುಳಿತ ಎಂಜಿನ್ನಿಗೆ ಹೋದ ಕರೆಂಟು ಹಿಂತಿರುಗಿ ಬರಲು ದಾರಿಯೇ ಇಲ್ಲವೆಂದೂ, ಬರಿದೇ ಬಿಗಿದ ಎರಡು ಬೋಲ್ಟುಗಳ ನಡುವೆ ಇದ್ದ ತಾಮ್ರದ ಪಟ್ಟಿಯನ್ನು ಯಾರೋ ತೆಗೆದಿದ್ದಾರೆಂದೂ, ದಾರಿ ಸಿಗದ ಕರೆಂಟು ಚೋಕಿನ ತಂತಿಯಲ್ಲಿ ನುಗ್ಗಿ ಅದನ್ನು ಸುಟ್ಟಿದೆಯೆಂದೂ ಹೇಳಿದ. “ಹಾಕಿದ್ದಾಂವ ಭಾಳ ಶಾಣ್ಯಾ ಇದ್ದಾನ್ರಿ,” ಎಂದೂ ಸೇರಿಸಿದ. ಯಾರು ತೆಗೆದರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಬೇರೊಂದು ತಂತಿ ಬಿಗಿದು, ತನ್ನ ಗಾಡಿಯ ಬ್ಯಾಟರಿ ತಂದಿಟ್ಟು ಸೆಲ್ಫ್ ಒತ್ತಿದ. ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ಗಿರಣಿಗೆ ಹೊಂದಿಕೊಂಡ ಮನೆಯ ಬಚ್ಚಲಿನಲ್ಲಿ ನನ್ನ ಹೆಂಡತಿ ಆ ಜಡೆಯಿಂದ ಹಂಡೆ ತಿಕ್ಕುವ ಸದ್ದನ್ನು ಅಂದು ಕೇಳಿಸಿಕೊಳ್ಳಲಾರದೆ ಗಿರಣಿಯೊಳಗೆ ಹೋಗಿ ಕುಳಿತೆ.

ಅದೇ ಮೋಟಾರಿನಲ್ಲಿ ಕಂಪ್ಲಿಗೆ ಹೋದೆ. ಕಬ್ಬಿನ ಗಾಣವೊಂದರ ಆಯಿಲ್ ಎಂಜಿನ್ನನ್ನು ಬಿಚ್ಚಿ ಹರವಿಕೊಂಡು ಮೌಲಾಸಾಬ ಕುಳಿತಿದ್ದ. ನನ್ನನ್ನು ಕಂಡು ಎದ್ದು, “ಬರ್ರಿ ಧಣೇರ, ಕುಂದ್ರಿ,” ಎಂದು ಒಂದು ಚೀಲ ಕೊಡವಿ ಹಾಸಿದ. ಕುಡಿಯಿರೆಂದು ಕಬ್ಬಿನಹಾಲು ತರಿಸಿದ. ನಾನು ಎಲ್ಲವನ್ನೂ ಹೇಳಿದೆ, ಹಂಡೆಯ ಸಮೇತ. ಅವನು ಎಣ್ಣೆಗೈಯನ್ನು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ. ಸಿಟ್ಟಾಗಲಿಲ್ಲ, ಸಂತೋಷವೂ ಪಡಲಿಲ್ಲ.

“ಮೂರು ದಿನ ಕುಂತು ಹೆಣದಿದ್ದೆ ಅದನ್ನ,” ಎಂದ. ಬಿಚ್ಚಿಟ್ಟಿದ್ದ ಒಂದು ಬೋಲ್ಟನ್ನು ಎತ್ತಿ ಪಕ್ಕಕ್ಕಿಟ್ಟು, “ನಾ ಕದ್ದಿಲ್ಲ ಅಂಬೋದು ನನಗ ಗೊತ್ತೇ ಇತ್ರಿ. ಅದನ್ನ ಹೇಳಾಕ ಇಷ್ಟು ದೂರ ಯಾಕ ಬರಬೇಕಿತ್ತು? ಗೊತ್ತಿಲ್ಲದವ್ರು ಹೊಸಪ್ಯಾಟ್ಯಾಗ ಅದಾರ. ಅಲ್ಲಿ ಹೇಳ್ರಿ,” ಎಂದ.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದೆ. ಅಂದು ಸಂಜೆ ಕಟ್ಟೆಯ ಮೇಲೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರಿದ್ದರು. ಅವರ ಮನರಂಜನೆಗೆಂದು ವಕೀಲರು ನನ್ನ ಮೋಟಾರಿನ ಪ್ರಸಂಗವನ್ನೇ ಎತ್ತಿಕೊಂಡರು. ಎತ್ತು ಎಳೆದದ್ದು, ಬೆರಳು ಸುಟ್ಟದ್ದು, ಡೈನಮೋ ನುಂಗಿದ ಸಾಬ ಓಡಿಹೋದದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಅಧಿಕಾರಿಗಳು ಬಿದ್ದು ಬಿದ್ದು ನಕ್ಕು, “ಹೌದೇನ್ರೀ?” ಎಂದು ನನ್ನ ಮುಖ ನೋಡಿದರು. ನಾನೂ ನಕ್ಕೆ.

ಆಮೇಲೆ ಆ ಕಥೆಯನ್ನು ವಕೀಲರು ಬದುಕಿದ್ದಷ್ಟು ಕಾಲ ಎಷ್ಟು ಸಲ ಹೇಳಿದರೋ ಅಷ್ಟು ಸಲವೂ ನಕ್ಕಿದ್ದೇನೆ. ಕಂಪ್ಲಿಗೆ ಮತ್ತೆ ಹೋಗಲಿಲ್ಲ. ಅಲ್ಲಿಗೆ ಹೋದರೆ ಅವನು ಒಂದೇ ಪ್ರಶ್ನೆ ಕೇಳುತ್ತಾನೆಂದು ಗೊತ್ತಿತ್ತು. ಈಗ ಕಟ್ಟೆಯ ಮೇಲೆ ಅಂದಿನವರು ಯಾರೂ ಇಲ್ಲ, ಮೌಲಾಸಾಬನೂ ಇಲ್ಲವೆಂದು ಕೇಳಿದೆ. ಆದರೆ ಕಥೆ ಮಾತ್ರ ಊರಿನಲ್ಲಿ ಇನ್ನೂ ಓಡಾಡುತ್ತಿದೆ. ಓದುಗರೇ, ನೀವು ಹೊಸಪೇಟೆಯವರಾಗಿದ್ದು, ಡೈನಮೋ ಕದ್ದ ಮಿಸ್ತ್ರಿಯ ಕಥೆಯನ್ನು ಯಾರಾದರೂ ನಿಮ್ಮೆದುರು ತೆಗೆದರೆ, ಎಲ್ಲರೂ ನಗುವುದಕ್ಕೆ ಮೊದಲೇ ಅವರನ್ನು ತಡೆದು ಹೇಳಿ: ಅವನು ಏನನ್ನೂ ಕದಿಯಲಿಲ್ಲ, ಬಿಚ್ಚಿದವನು ನಾನು.