ಚೌಕಾಸಿಯಿಲ್ಲದೆ ಕುಡಿದ ಔಷಧಿ

ಕರಿಮೆಣಸಿನ ಚೀಲದ ಬಾಯಿ ಬಿಚ್ಚಿ, ಮೇಲಿನ ಒಂದು ಹಿಡಿ ನೋಡಿ ದರ ಹೇಳುವವರನ್ನು ನಾನು ವ್ಯಾಪಾರಿ ಎನ್ನುವುದಿಲ್ಲ. ಮೊಣಕೈವರೆಗೆ ಕೈ ಇಳಿಸಬೇಕು, ತಳದ ಕಾಳನ್ನು ಹಲ್ಲಿಗೆ ಹಾಕಿ ನೋಡಬೇಕು. ಮಲಯಾಳಂ ಸೀಮೆಯ ಪುಲ್ಪಳ್ಳಿಯಲ್ಲಿ ನಾನು ಅಂಗಡಿ ಕಟ್ಟಿದ್ದೇ ಹಾಗೆ. ಮೊದಲು ಹೇಳಿದ ದರಕ್ಕೆ ಎಂದೂ ಒಪ್ಪಿದವಳಲ್ಲ. ಅಂಥವಳು ಮಗಳ ವಿಷಯದಲ್ಲಿ ಡಾಕ್ಟರ ಮೊದಲ ಮಾತಿಗೇ ತಲೆಯಾಡಿಸಿ ಎದ್ದು ಬಂದೆ.

ಮಗಳಿಗೆ ಆಗ ನಾಲ್ಕು ವರ್ಷ. ಔಷಧಿ ಕುಡಿಯಲು ಅವಳದೇ ದರವಿತ್ತು: ಅಂಗಡಿಯ ತಕ್ಕಡಿಯ ಮೇಲೆ ಕೂರಿಸಿ ತೂಗಬೇಕು. “ಎರಡ್ ಸಲ ತೂಗು, ಇಲ್ಲಾಂದ್ರೆ ಬಾಯಿ ತೆಗಿಯಲ್ಲ” ಎನ್ನುವವಳು. ಜ್ವರ ಬಂದ ಎರಡನೆಯ ಬೆಳಿಗ್ಗೆ ಚಮಚ ಹಿಡಿದರೆ ಸುಮ್ಮನೆ ಬಾಯಿ ತೆರೆದು ನುಂಗಿದಳು. ಏನೂ ಕೇಳಲಿಲ್ಲ. ಆಗಲೇ ಅವಳನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟೆ.

ಆಸ್ಪತ್ರೆಯ ಡಾಕ್ಟರು ಅಂಗಿಯ ಮೇಲಿನಿಂದಲೇ ಎದೆಗೆ ಸ್ಟೆತಸ್ಕೋಪಿನ ಕೊಳವೆಯಿಟ್ಟು ತೆಗೆದರು. “ವೈರಲ್ ಪನಿ, ಬರೀ ಜ್ವರ. ಮೂರು ದಿನದಲ್ಲಿ ಹೋಗುತ್ತೆ.”

“ಇದು ಬರೀ ಜ್ವರ ಅಲ್ಲ ಡಾಕ್ಟ್ರೇ. ಇವಳು ಚೌಕಾಸಿ ಮಾಡ್ಲೇ ಇಲ್ಲ.”

“ಅದೂ ಒಂದು ರೋಗವಾ ಚೇಚ್ಚಿ?” ಎಂದರು. ನರ್ಸ್ ಕೂಡ ನಕ್ಕಳು.

ಅಂಗಡಿಯಲ್ಲಿ ನನ್ನ ಮಲಯಾಳಂ ಚೂರಿಯಂತಿರುತ್ತದೆ. ಆ ಕೋಣೆಯಲ್ಲಿ ಅದು ಟೀಚರ್ ಮುಂದೆ ಎದ್ದು ನಿಂತ ಹುಡುಗಿಯ ಮಲಯಾಳಂ ಆಗಿಬಿಟ್ಟಿತು. “ಶರಿ ಡಾಕ್ಟರ್” ಎಂದು ಎದ್ದೆ.

ಮರುದಿನ ಬೆಳಿಗ್ಗೆ ಅಂಗಿ ಎತ್ತಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

“ಮೂರು ದಿನ ಅಂದಿದ್ದಾರಲ್ಲ, ನೋಡಾಣ ಕಣೇ” ಎಂದರು ನಮ್ಮವರು.

“ಮೂರು ದಿನ ಇಡಕ್ಕೆ ಇದೇನು ಅಂಗಳದಲ್ಲಿ ಒಣಗಾಕಿದ ಮೆಣಸಾ? ಜೀಪ್ ಕರೀರಿ.”

ಆಸ್ಪತ್ರೆಯಲ್ಲಿ ಅದೇ ನರ್ಸ್. “ಟೋಕನ್ ಮುಗಿದೋಯ್ತು ಚೇಚ್ಚಿ, ನಾಳೆ ಬನ್ನಿ.”

“ಟೋಕನ್ ನೀನೇ ಇಟ್ಕೊ” ಎಂದು ಒಳಗೆ ನುಗ್ಗಿ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಂಗಿ ಕುತ್ತಿಗೆಯವರೆಗೆ ಎತ್ತಿದೆ. “ಬಟ್ಟೆ ಮೇಲಿಂದ ಬೇಡ, ಇಲ್ಲಿ ನೋಡಿ. ಏನೂ ಇಲ್ಲಾಂದ್ರೆ ಹಾಗಂತ ಬರೆದು ಸಹಿ ಹಾಕಿ. ಈಗಲೇ ಎದ್ದು ಹೋಗ್ತೀನಿ.”

ಪೆನ್ನು ಅವರ ಕೈಯಲ್ಲೇ ಇತ್ತು. ಕೆಳಗಿಟ್ಟರು. ಬರೀ ಬೆನ್ನಿಗೆ ಕೊಳವೆಯಿಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಯಾರೂ ನಗಲಿಲ್ಲ. ನ್ಯುಮೋನಿಯಾ. ಐದು ನಿಮಿಷದೊಳಗೆ ಮಗಳ ಮೂಗಿಗೆ ಆಮ್ಲಜನಕದ ನಳಿಗೆ ಬಂತು.

ನಿಮಗೂ ಇದನ್ನೇ ಹೇಳುತ್ತೇನೆ. ಮಗು ದಿನಾ ಹೇಗಿರುತ್ತದೆಂದು ಗೊತ್ತಿರುವುದು ನಿಮಗೆ, ಅವರಿಗಲ್ಲ. ಅದು ಬದಲಾಗಿದ್ದರೆ ಬಾಯಿಬಿಟ್ಟು ಹೇಳಿ, ನಕ್ಕರೆ ಮತ್ತೆ ಹೇಳಿ. ಬರೆದುಕೊಡಿ ಎಂದು ಕೇಳಿ. ಬಾಯಲ್ಲಿ ಸುಲಭವಾಗಿ ಹೇಳಿದ್ದನ್ನು ಕಾಗದದ ಮೇಲೆ ಹೇಳುವಾಗ ಎಂಥವರೂ ಇನ್ನೊಮ್ಮೆ ನೋಡುತ್ತಾರೆ.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ನರ್ಸ್ ಔಷಧಿ ತಂದಾಗ ಮಗಳು ತುಟಿ ಬಿಗಿದಳು. “ತಕ್ಕಡಿ ಎಲ್ಲಿ?” ಎಂದಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಅಷ್ಟರಲ್ಲಿ ಡಾಕ್ಟರು ಬಂದು ಚೀಟಿ ತಿರುವುತ್ತಾ, “ಸರಿಯಾದ ಹೊತ್ತಿಗೆ ತಂದಿರಿ” ಎಂದರು.

“ಅದರ ಹಿಂದಿನ ದಿನವೇ ತಂದಿದ್ದೆ. ನೀವು ನಕ್ಕು ಕಳಿಸಿದ್ದು.”

ಅವರು ಚೀಟಿ ಪಕ್ಕಕ್ಕಿಟ್ಟು, ಮಗಳ ಅಂಗಿ ತಾವೇ ಎತ್ತಿ ಬೆನ್ನಿಗೆ ಕೊಳವೆಯಿಟ್ಟರು. ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ತೀರಿತು. ಮೊದಲ ದಿನ “ಶರಿ” ಎಂದು ಆ ಕುರ್ಚಿಯಿಂದ ಎದ್ದೆನಲ್ಲ, ಅದಕ್ಕೆ ನನ್ನ ಮೇಲೇ ಬಂದ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.